ಸಾಕೆನ್ನದ ಚಿಟಿಕೆ

ನಮ್ಮೂರಿಗೆ ಸೂರ್ಯ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನನ್ನನ್ನು ಕೇಳಬೇಡಿ, ನಾನೇನು ಅವನನ್ನು ಹೆತ್ತವಳಲ್ಲ. ನಾನು ಹುಟ್ಟುವ ಮೊದಲೂ ಬರುತ್ತಿರಲಿಲ್ಲ, ನಮ್ಮತ್ತೆ ಹುಟ್ಟುವ ಮೊದಲೂ ಬರುತ್ತಿರಲಿಲ್ಲ. ಗುಡ್ಡದ ಆಚೆ ಬಿಸಿಲು ಬೀಳುವ ಊರುಗಳಿವೆಯಂತೆ. ಹುಡುಕಿಕೊಂಡು ಹೋದವರು ಇದ್ದಾರೆ, ತಿರುಗಿ ಬಂದು ಹೌದು ಎಂದು ಹೇಳಿದವರು ಇಲ್ಲ. ನಮಗಿರುವುದು ಬೀಜದ ಬೆಳಕು. ಕಚೇರಿಯ ಕಾಗದದಲ್ಲಿ ಅದಕ್ಕೆ ಎಲ್‌ಇಡಿ ಎಂದು ಬರೆದಿರುತ್ತಾರೆ, ನಾವು ಬೀಜ ಎನ್ನುತ್ತೇವೆ. ಜೋಳದ ಕಾಳಿನಷ್ಟು ದಪ್ಪ. ತಂತಿಗೆ ಪೋಣಿಸಿ ಓಣಿ ಓಣಿಗೂ ಕಟ್ಟಿದ್ದಾರೆ. ಬೆಳಿಗ್ಗೆ ಭೋಂಗಾ ಕೂಗಿದರೆ ಹತ್ತುತ್ತವೆ, ಸಂಜೆ ಕೂಗಿದರೆ ಆರುತ್ತವೆ. ಬೆಳಕು ನೀಲಿ. ಬರೀ ನೀಲಿ. ಅದರ ಕೆಳಗೆ ರೊಟ್ಟಿ ನೀಲಿ, ಹಾಲು ನೀಲಿ, ಕುಂಕುಮ ಕಪ್ಪು, ಅರಿಸಿನವೂ ಕಪ್ಪು. ಬೆರಳು ಕೊಯ್ದುಕೊಂಡರೆ ಬರುವ ರಕ್ತವೂ ಕಪ್ಪೇ.

ಹೀಗೂ ಬದುಕಬಹುದು. ಬದುಕುತ್ತೇವೆ. ಆದರೆ ಒಂದು ಮಾತಿದೆ. ನಮ್ಮವರ ಮುಖವನ್ನು ವರ್ಷಕ್ಕೊಮ್ಮೆಯಾದರೂ ಬಿಳಿ ಬೆಳಕಿನಲ್ಲಿ ನೋಡಬೇಕು. ಒಲೆಯ ಬೆಂಕಿಯ ಕೆಂಪು ಈ ಲೆಕ್ಕಕ್ಕೆ ಬರುವುದಿಲ್ಲ. ನೋಡದೆ ವರ್ಷ ದಾಟಿತೋ, ಮಾಸುತ್ತದೆ. ಮಾಸುವುದು ಮುಖವಲ್ಲ, ಮಮತೆ. ಹೆಸರು ಮರೆಯುವುದಿಲ್ಲ, ದನಿ ಮರೆಯುವುದಿಲ್ಲ, ಇವಳು ನನ್ನ ಮಗಳು ಎಂಬುದೂ ಗೊತ್ತಿರುತ್ತದೆ. ಆದರೆ ಅವಳಿಗೆ ಮುಳ್ಳು ಚುಚ್ಚಿದರೆ ನಮ್ಮ ಕರುಳು ಮಿಸುಕುವುದಿಲ್ಲ. ಹೊಸದಾಗಿ ಹುಟ್ಟಿದ ಕೂಸಿಗಂತೂ ವರ್ಷದ ಗಡುವೂ ಇಲ್ಲ. ಬಿಳಿಯಲ್ಲಿ ಅದರ ಮುಖ ನೋಡುವ ತನಕ ಹೆತ್ತವಳಿಗೂ ಮಮತೆ ಹುಟ್ಟುವುದಿಲ್ಲ. ಹೆಸರಿಡುವುದೂ ಆಗಲೇ. ಅಲ್ಲಿಯ ತನಕ ಅದು ಬರೀ ಕೂಸು.

ಆ ಬಿಳಿ ಬೆಳಕು ಮಾಡುವುದು ನಮ್ಮ ಮನೆತನದ ಕಸುಬು. ಬೀಜದ ಮೇಲೆ ಕವುಚುವ ಗಾಜಿನ ಟೊಪ್ಪಿಗೆಯನ್ನು ನಾವು ಎರೆಯುತ್ತಿದ್ದೆವು. ಊರವರು ನಮ್ಮನ್ನು ಕಂಡರೆ, 'ಬಂದ್ರು ನೋಡ್ರಪಾ, ಊರಿಗೆಲ್ಲಾ ಟೊಪ್ಪಿಗಿ ಹಾಕಾವ್ರು' ಎಂದು ಚೇಷ್ಟೆ ಮಾಡುತ್ತಿದ್ದರು. ಹಳ್ಳದ ಮರಳು, ಚೌಳು ಮಣ್ಣು, ಒಂದಿಷ್ಟು ಬಿಳಿಗಾರ, ಇಷ್ಟನ್ನು ಮೂಸೆಯಲ್ಲಿ ಹಾಕಿ ಕುಲುಮೆಯಲ್ಲಿಟ್ಟು ಕರಗಿಸುವುದು ಗಂಡಸರ ಕೆಲಸ. ಅದು ಕರಗಿ ಜೇನುತುಪ್ಪದ ಹಾಗೆ ತೆಳ್ಳಗಾದಾಗ ಅದಕ್ಕೊಂದು ಚಿಟಿಕೆ ಬೆಳಕಿನ ಉಪ್ಪು ಹಾಕುವುದು ಹೆಂಗಸರ ಕೆಲಸ. ಉಪ್ಪು ಬೀಳದಿದ್ದರೆ ಅದು ಬರೀ ಗಾಜು, ನೀಲಿ ಒಳಗೆ ಹೋಗಿ ನೀಲಿಯಾಗಿಯೇ ಹೊರಗೆ ಬರುತ್ತದೆ. ಉಪ್ಪು ಬಿದ್ದ ಗಾಜು ಬೀಜದ ನೀಲಿಯನ್ನು ಅರ್ಧ ಕುಡಿದು ಹಳದಿ ಮಾಡಿ ಬಿಡುತ್ತದೆ. ಆ ಹಳದಿಯೂ, ಕುಡಿಯದೆ ಉಳಿದ ನೀಲಿಯೂ ಕೂಡಿದರೆ ಬಿಳಿ.

ಎಷ್ಟು ಉಪ್ಪು ಎಂದರೆ ಒಂದು ಚಿಟಿಕೆ. ತಕ್ಕಡಿ ಇಲ್ಲ, ಅಳತೆ ಇಲ್ಲ. ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ಎಷ್ಟು ನಿಲ್ಲುತ್ತದೋ ಅಷ್ಟು. ಕಡಿಮೆಯಾದರೆ ಬೆಳಕು ನೀಲಿಗೇ ಉಳಿಯುತ್ತದೆ. ಹೆಚ್ಚಾದರೆ? ಹೊಸಬರೆಲ್ಲ ಅಂದುಕೊಳ್ಳುವುದು, ಹೆಚ್ಚಾದರೆ ಬೆಳಕೂ ಹೆಚ್ಚು ಎಂದು. ಅಲ್ಲಿಯೇ ಇರುವುದು ಹುಳುಕು. ಉಪ್ಪಿನ ಕಣಗಳು ಗಾಜಿನಲ್ಲಿ ದೂರ ದೂರ ಕೂತಿದ್ದರೆ ಒಂದೊಂದೂ ತಾನು ಕುಡಿದ ಬೆಳಕನ್ನು ಹೊರಗೆ ಬಿಡುತ್ತದೆ. ಒತ್ತೊತ್ತಿ ಕೂತವೋ, ಇದು ಅದರ ಕೈಗೆ, ಅದು ಇನ್ನೊಂದರ ಕೈಗೆ ದಾಟಿಸುತ್ತ ದಾಟಿಸುತ್ತ ಬೆಳಕು ಒಳಗೊಳಗೇ ಸತ್ತುಹೋಗುತ್ತದೆ. ಹತ್ತು ಸೊಸೆಯರಿರುವ ಮನೆಯಲ್ಲಿ ನೀನು ಹಚ್ಚು ನಾನು ಹಚ್ಚು ಎಂದು ಒಲೆಯೇ ಹೊತ್ತುವುದಿಲ್ಲವಲ್ಲ, ಹಾಗೆ. ಹಿಂದೆ ಯಾರೋ ಒಬ್ಬಳು ಆಸೆಗೆ ಬಿದ್ದು ಎರಡು ಚಿಟಿಕೆ ಹಾಕಿದಳಂತೆ, ಆ ಟೊಪ್ಪಿಗೆ ಕಡೆಗೆ ಕೋಳಿಗೆ ನೀರಿಡಲು ಬಳಕೆಯಾಯಿತಂತೆ. ನಮ್ಮತ್ತೆ ಗೌರವ್ವ ಇದನ್ನು ಹೇಳಿ ಹೇಳಿ ನಗುತ್ತಿದ್ದಳು. ನಾನೂ ನಕ್ಕಿದ್ದೇನೆ.

ಅತ್ತೆ ನನಗೆ ಚಿಟಿಕೆ ಕಲಿಸಿದ್ದು ರಾಗಿ ಹಿಟ್ಟಿನ ಮೇಲೆ, ಮೂರು ವರ್ಷ. ಕುಲುಮೆಯ ಮುಂದೆ ನಿಲ್ಲಿಸಿದ ದಿನ ಒಂದು ಪದ್ಧತಿ ಹೇಳಿಕೊಟ್ಟಳು. ಚಿಟಿಕೆ ಬಿದ್ದ ಮೇಲೆ ಕುಲುಮೆಯವನು 'ಸಾಕೇನ?' ಎಂದು ಕೇಳಬೇಕು. ಹಾಕಿದವಳು 'ಸಾಕು' ಎನ್ನಬೇಕು. ಆ ಮಾತು ಬೀಳುವ ತನಕ ಮೂಸೆಯ ಬಾಯಿ ಮುಚ್ಚುವಂತಿಲ್ಲ. 'ಇದೇನ್ ದೊಡ್ಡ ಮಾತು ಬಿಡ್ರಿ ಅತ್ತಿ' ಎಂದು ನಾನು ಉಡಾಫೆಯಲ್ಲಿ ಅಂದಿದ್ದೆ. ಅವಳು ನನ್ನ ಬೆರಳು ಹಿಡಿದು ಹಿಂಡಿದಳು. 'ದೊಡ್ಡ ಮಾತ ಐತಿ ಶಾವಂತ್ರಿ. ಹೊಟ್ಟಿ ತುಂಬಿದ ಮ್ಯಾಲ ಅನ್ನೂದೂ ಸಾಕು, ಕೂಸಿನ್ನ ಸಾಕೂದೂ ಸಾಕು. ಸಾಕೂ ಆಕಿಗೆ ಸಾಕು ಅನ್ನಾಕ ಬರೂದಿಲ್ಲ, ತಿಳ್ಕೊ. ಅದಕ್ಕ, ನಿನ್ನ ಹೊಟ್ಟ್ಯಾಗಿನವ್ರು ಮದಲ ಕುಂದ್ರೂ ಟೊಪ್ಪಿಗಿಗೆ ನೀ ಚಿಟಿಕಿ ಹಾಕಬ್ಯಾಡ. ಬ್ಯಾರೇದವ್ರ ಕೈಲೆ ಹಾಕಸು.'

ಆ ಬೇರೆಯವಳು ಹುಸೇನಬಿ. ನಮ್ಮ ಹಿಂದಿನ ಓಣಿಯವಳು, ನನಗಿಂತ ಎಂಟು ವರ್ಷ ದೊಡ್ಡವಳು, ನಾನು ಹುಸೇನಕ್ಕ ಎನ್ನುತ್ತಿದ್ದೆ. ಅತ್ತೆ ಅವಳಿಗೂ ಚಿಟಿಕೆ ಕಲಿಸಿದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. 'ನನಗ ಯಾರ ಅದಾರ ಕಾಯವ್ರು? ನನ್ನ ಬೆರಳ ಹಗುರ' ಎಂದು ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ನನ್ನ ಮಗಳು ನಿಂಬೆವ್ವ ಹುಟ್ಟಿದಾಗ ಅವಳಿಗಾಗಿ ಎರೆದ ಟೊಪ್ಪಿಗೆಗೆ ಚಿಟಿಕೆ ಹಾಕಿದ್ದು ಹುಸೇನಕ್ಕನೇ. ಅದರ ಬೆಳಕಿನಲ್ಲಿ ನಮ್ಮವರು, ನನ್ನ ಗಂಡ ಮಾನಪ್ಪ, ಕೂಸಿನ ಮುಖ ನೋಡಿ, 'ನಿಂಬಿಹಣ್ಣ ಆಗ್ಯಾಳ ನೋಡ' ಎಂದರು. ಹೆಸರು ಅದೇ ನಿಂತಿತು.

ಆಗ ಪ್ರತಿ ಮನೆಗೂ ಒಂದು ಟೊಪ್ಪಿಗೆ ಇತ್ತು. ಉಪ್ಪು ತೆಗೆಯುತ್ತಿದ್ದ ಗುಂಡಿ ಕುಸಿದು ಮುಚ್ಚಿದ ಮೇಲೆ ಒಂದೊಂದಾಗಿ ಹೋದವು. ಬೀಜದ ಕಾವಿಗೆ ಗಾಜು ಒಂದಲ್ಲ ಒಂದು ದಿನ ಟಪ್ಪೆಂದು ಸೀಳುತ್ತದೆ. ಸೀಳಿದ್ದನ್ನು ಮತ್ತೆ ಕರಗಿಸಿದರೆ ಉಪ್ಪಿನ ಜೀವ ಹೋಗಿರುತ್ತದೆ, ಬೆಳಕು ಬರುವುದಿಲ್ಲ. ಕಡೆಗೆ ಉಳಿದದ್ದು ಚಾವಡಿಯದೊಂದೇ. ಸೋಮವಾರಕ್ಕೊಂದು ಓಣಿ ಎಂದು ಪಾಳಿ ಹಚ್ಚಿಕೊಂಡು ಊರೇ ಅದರ ಕೆಳಗೆ ಕೂತು ತಮ್ಮ ತಮ್ಮವರ ಮುಖ ನೋಡಿಕೊಳ್ಳುತ್ತಿತ್ತು. ಒಂದು ದಿನ ಅದೂ ಸೀಳಿತು.

ನಮ್ಮ ಉಪ್ಪಿನ ಭರಣಿಯ ತಳದಲ್ಲಿ ಇದ್ದದ್ದು ಒಂದು ಚಿಟಿಕೆ, ಮೇಲೆ ಒಂದು ಚೂರು. ಅದನ್ನು ಹಾಕಿ ಹೊಸದು ಎರೆಯೋಣ ಎಂದರೆ ಚಾವಡಿಯ ಹಿರಿಯ ಅಡಿವೆಪ್ಪಜ್ಜ ತಡೆದರು. 'ಇದೂ ಸೀಳಿದ್ರ ಮುಂದ ಗತಿ ಏನವಾ? ವರ್ಷ ಟೈಮ್ ಐತಿ. ಗುಂಡಿ ಅಗದು ನೋಡೂಣು.' ಗಂಡಸರು ಹತ್ತು ತಿಂಗಳು ಅಗೆದರು. ಸುಣ್ಣಗಲ್ಲು ಸಿಕ್ಕಿತು, ನೀರು ಸಿಕ್ಕಿತು, ಉಪ್ಪು ಸಿಗಲಿಲ್ಲ. ಆ ಹತ್ತು ತಿಂಗಳಲ್ಲಿ ಊರಿನಲ್ಲಿ ಹುಟ್ಟಿದ್ದು ಒಂದೇ ಕೂಸು. ನಿಂಬೆವ್ವನದು. ಹೆಣ್ಣು.

ನಿಂಬೆವ್ವನನ್ನು ಕೊಟ್ಟದ್ದು ಇದೇ ಊರಿನ ಕೆಳಗಿನ ಓಣಿಗೆ. ಕೂಸಿಗೆ ಆರು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಬಂದಳು. ಕೂಸನ್ನು ಬಾಗಿಲ ಬಳಿ ನೆಲದ ಮೇಲೆ ಇಟ್ಟಳು. ಕೊಡ ಇಳಿಸಿದ ಹಾಗೆ ಇಟ್ಟಳು.

'ಯವ್ವಾ, ಕೂಸು ಅತ್ರ ನನಗ ಏನೂ ಅನಸೂದಿಲ್ಲ' ಎಂದಳು. 'ಬಾಜೂ ಮನಿ ಕೂಸು ಅತ್ತಂಗ ಕೇಳತೈತಿ. ಎದಿ ಬಿಗಿತೈತಿ, ಕುಡಸ್ತೀನಿ. ಎಮ್ಮಿಗೆ ಕರಾ ಬಿಟ್ಟಂಗ. ನಿನ್ನಿ ತೊಟ್ಲದಾಗಿಂದ ಬಿತ್ತು. ನಾ ರೊಟ್ಟಿ ಬಡಿಯಾಕತ್ತಿದ್ದೆ. ಒಂದ ರೊಟ್ಟಿ ಉಳದಿತ್ತು. ಅದನ್ನೊಂದು ಬಡದು ಎದ್ದೆ, ಯವ್ವಾ.'

'ಎಲ್ಲಾರಿಗೂ ಹಂಗ ಆಗತೈತಿ ಮಗಳ. ಬಿಳಿಯಾಗ ನೋಡೂತನಕ.'

'ಬಿಳಿ ಎಲ್ಲೈತಿ?' ಎಂದಳು. 'ನಾಳೆ ಇದು ಬೆಂಕ್ಯಾಗ ಬಿದ್ರೂ ನಾ ಒಂದ ರೊಟ್ಟಿ ಬಡದು ಏಳ್ತೀನಿ. ನನಗ ನನ್ನ ಅಂಜಿಕಿ ಬಂದೈತಿ.'

ಅವಳು ಅಳಲಿಲ್ಲ. ಅತ್ತದ್ದು ನಾನು. ಅವಳನ್ನು ನಾನು ಬಿಳಿಯಲ್ಲಿ ನೋಡಿ ಆಗಿನ್ನೂ ವರ್ಷ ತುಂಬಿರಲಿಲ್ಲವಲ್ಲ, ನನ್ನ ಕರುಳು ಇನ್ನೂ ಕರುಳಾಗಿಯೇ ಇತ್ತು. ಆ ಕೂಸನ್ನು ನೋಡಿದರೆ ನನಗೂ ಏನೂ ಅನ್ನಿಸುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಕೂಸಿನ ಮುಂದೆ ಕಲ್ಲಿನ ಹಾಗೆ ಕೂತಿದ್ದ ನನ್ನ ಮಗಳನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಅವತ್ತೇ ಚಾವಡಿಗೆ ಹೋಗಿ ಅಡಿವೆಪ್ಪಜ್ಜನ ಮುಂದೆ ಕೂತೆ. ಇನ್ನೊಂದು ತಿಂಗಳು ಕಳೆದರೆ ಊರಿಗೆ ಊರೇ ಮಾಸುತ್ತದೆ, ಎರೆಯುವುದಾದರೆ ಈಗಲೇ ಎಂದೆ. ಅವರು ಒಪ್ಪಿದರು. ಹೊಸ ಟೊಪ್ಪಿಗೆಯ ಕೆಳಗೆ ಮೊದಲು ಕೂರುವುದು ಹೊಸ ಕೂಸು, ಅದು ಊರಿನ ರೀತಿ. ಅಂದರೆ ನಿಂಬೆವ್ವನ ಕೂಸು. ಅಂದರೆ ಚಿಟಿಕೆ ನಾನು ಹಾಕುವಂತಿಲ್ಲ.

ಹುಸೇನಕ್ಕನಿಗೆ ಎರಡು ತಿಂಗಳ ಹಿಂದೆ ಲಕ್ವಾ ಹೊಡೆದಿತ್ತು. ಬಲಗೈ ತೊಡೆಯ ಮೇಲೆ ಸತ್ತು ಬಿದ್ದಿತ್ತು. ಮಾತೂ ಒಂದು ಪಾಲು ತೊದಲು. ನಾನು ಹೋದಾಗ ಎಡಗೈಯಿಂದ ತಟ್ಟೆಯಲ್ಲಿ ಹಿಟ್ಟು ಹಾಕಿಕೊಂಡು ಚಿಟಿಕೆ ಹಿಡಿಯಲು ನೋಡುತ್ತಿದ್ದಳು. ಹಿಟ್ಟು ಸೀರೆಯ ಮೇಲೆಲ್ಲ ಚೆಲ್ಲಿತ್ತು. 'ಒಂದ ತಿಂಗಳ ಕೊಡ ನನಗ' ಎಂದಳು, 'ಈ ಕೈಗೆ ಕಲಸ್ತೀನಿ. ಇಲ್ಲಾಂದ್ರ ಆ ಬಳಿಗಾರ್ತಿ ಕಾಶವ್ವನ ಕರಿ. ಆಕಿ ಬೆರಳ ಚಲೋ ಅದಾವ, ಹದಿನೈದ ದಿನದಾಗ ಕಲೀತಾಳ.'

'ಹದಿನೈದ ದಿನದಾಗ ಕಲಿಯೂ ಕಸುಬೇನ ಇದು?' ಎಂದೆ ನಾನು. ಸೊಕ್ಕು, ಮತ್ತೇನು. ಮೂವತ್ತೈದು ವರ್ಷ ಹಾಕಿದ ಕೈ, ಒಂದೂ ಕೆಟ್ಟಿರಲಿಲ್ಲ. 'ನಾನ ಹಾಕ್ತೀನಿ ಬಿಡು.'

ಅವಳು ನನ್ನ ಮುಖ ನೋಡಿದಳು. 'ಹಾಕಬ್ಯಾಡ ಅಂದ್ರ ಕೇಳಾಕಿ ಅಲ್ಲ ನೀ. ಹಾಕೂ ಮುಂದ ನಿಂಬಿ ಹೆಸರ ಮನಸಿನ್ಯಾಗ ತರಬ್ಯಾಡ. ಜೋಳದ ಕಾಳ ಎಣಸು. ಅವ್ರು ಸಾಕೇನ ಅಂದ ಕೂಡ್ಲೇ ಸಾಕು ಅಂದ್ಬಿಡು. ಒಂದ ಉಸುರು ಸೈತ ತಗೀಬ್ಯಾಡ, ಶಾವಂತ್ರಿ.'

ಹೂಂ ಎಂದೆ. ಹೂಂ ಎನ್ನಲು ಏನು ಖರ್ಚು!

ಭಾನುವಾರ ಬೆಳಗಿನ ಭೋಂಗಾ ಆಗುವ ಹೊತ್ತಿಗೆ ಕುಲುಮೆ ಹದಕ್ಕೆ ಬಂದಿತ್ತು. ತಿದಿ ಒತ್ತಿ ಒತ್ತಿ ನಮ್ಮವರ ಬನಿಯನ್ ಬೆನ್ನಿಗೆ ಅಂಟಿತ್ತು. ಮೂಸೆಯಲ್ಲಿ ಗಾಜು ಕಲಕದೆ ನಿಂತಿತ್ತು, ಗುಳ್ಳೆ ಒಂದೂ ಇರಲಿಲ್ಲ. ಅಷ್ಟು ಚೆನ್ನಾದ ಗಾಜನ್ನು ಅವರು ತಮ್ಮ ಆಯುಷ್ಯದಲ್ಲಿ ಕರಗಿಸಿರಲಿಲ್ಲ. ನಾನು ಕೈ ತೊಳೆದು, ಬೂದಿಯಲ್ಲಿ ಒಣಗಿಸಿ, ಭರಣಿಯ ಅರಿವೆ ಬಿಚ್ಚಿದೆ. ಕಾಳು ಎಣಿಸಿದೆ. ಒಂದು, ಎರಡು, ಮೂರು. ಚಿಟಿಕೆ ಹಿಡಿದೆ. ಹಾಕಿದೆ. ಅದು ನನ್ನ ಕೈಯಿಂದ ಬಿದ್ದ ಚಿಟಿಕೆಗಳಲ್ಲೆಲ್ಲ ಚೊಕ್ಕಟವಾದದ್ದು. ಇದನ್ನು ನಾನು ಈಗಲೂ ಆಣೆಯಿಟ್ಟು ಹೇಳಬಲ್ಲೆ.

'ಸಾಕೇನ?' ಎಂದರು ನಮ್ಮವರು.

ಆಗ ಹೊರಗೆ ಕೂಸು ಅಳತೊಡಗಿತು. ನಿಂಬೆವ್ವ ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಕೂಸು ಅಳುವುದು ಹೊಸದಲ್ಲ. ನಾನು ಕಾದದ್ದು ಅವಳು ರಮಿಸುವ ದನಿಗೆ. 'ಯಾಕ ನನ್ನವ್ವಾ', 'ಬಾ ನನ್ನ ಚಿನ್ನಾ', ಯಾವುದಾದರೂ ಒಂದು. ಬರಲಿಲ್ಲ. ಕೂಸು ಅತ್ತು ಅತ್ತು ಉಸಿರು ಸಿಕ್ಕಿ ಬಿಕ್ಕುವ ತನಕ ಅತ್ತಿತು, ಅದರ ಪಕ್ಕದಲ್ಲೇ ನನ್ನ ಮಗಳು ಕೂತಿದ್ದಾಳೆ, ಒಂದು ಶಬ್ದವಿಲ್ಲ.

ಭರಣಿಯ ತಳದಲ್ಲಿ ಆ ಒಂದು ಚೂರು ಉಳಿದಿತ್ತು. ಅರ್ಧ ಚಿಟಿಕೆಯೂ ಇಲ್ಲ. ಅದನ್ನು ಯಾರಿಗೆ ಎಂದು ಇಡಲಿ, ಅದರಿಂದ ಇನ್ನೊಂದು ಟೊಪ್ಪಿಗೆ ಆಗುವುದಿಲ್ಲ ಎಂದುಕೊಂಡೆ. ಇಷ್ಟು ದಿನ ನೋಡದ ಕೂಸು, ಇಷ್ಟು ಗಟ್ಟಿಯಾದ ಮಗಳು, ಇವಳಿಗೆ ಬೆಳಕು ಒಂದು ಗುಂಜಿ ಹೆಚ್ಚು ಬೇಡವೇ ಎಂದುಕೊಂಡೆ. ನನಗೆ ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು. ಕೋಳಿಗೆ ನೀರಿಟ್ಟ ಕಥೆ ಕೇಳಿ ನಗುತ್ತಿದ್ದವಳು ನಾನೇ. ತಿಳಿದವಳ ಕೈಯೇ ಮುಂದೆ ಹೋಯಿತು.

'ಸಾಕೇನ?' ಎಂದರು ಎರಡನೆಯ ಸಲ.

ಭರಣಿಯೊಳಗೆ ಬೆರಳು ಆಡಿಸಿ, ಮೂಲೆಯಲ್ಲಿದ್ದದ್ದನ್ನೂ ಒರೆಸಿ ತೆಗೆದು ಮೂಸೆಗೆ ಉದುರಿಸಿದೆ. ಆಮೇಲೆ, 'ಸಾಕು' ಎಂದೆ.

ಅವರು ನನ್ನ ಕೈ ನೋಡಿದರು, ಭರಣಿ ನೋಡಿದರು. ಬಾಗಿಲ ಕಡೆಗೆ, ಅಳು ಬರುತ್ತಿದ್ದ ಕಡೆಗೆ, ಒಮ್ಮೆ ನೋಡಿದರು. ಅವರಿಗೂ ಅವಳು ಮಗಳೇ ಅಲ್ಲವೇ. ಮೂಸೆಯ ಬಾಯಿ ಮುಚ್ಚಿದರು.

ಅಚ್ಚಿಗೆ ಎರೆದು, ಬಿಸಿ ಬೂದಿಯಲ್ಲಿ ಹುಗಿದು, ಒಂದು ದಿನ ಆರಲು ಬಿಟ್ಟೆವು. ಸೋಮವಾರ ಮಧ್ಯಾಹ್ನ ಇಡೀ ಊರು ಚಾವಡಿಯಲ್ಲಿತ್ತು. ಪಾಳಿ ಗೀಳಿ ಯಾರೂ ಕೇಳಲಿಲ್ಲ. ತಲೆಗೆ ಎರೆದುಕೊಂಡು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಕಪ್ಪಾಗಿ ಕಾಣುವ ಕುಂಕುಮ ಹಚ್ಚಿಕೊಂಡು, ಗಂಡಂದಿರು ಹೆಂಡಂದಿರಿಗೆ ಎದುರಾಗಿ, ಅಣ್ಣಂದಿರು ತಂಗಿಯರಿಗೆ ಎದುರಾಗಿ ಕೂತಿದ್ದರು. ಜಗಳಾಡಿ ಮಾತು ಬಿಟ್ಟವರೂ ಎದುರುಬದುರು ಕೂತಿದ್ದರು. ಎಲ್ಲರ ಮುಂದೆ ನಿಂಬೆವ್ವ, ಅವಳ ತೊಡೆಯ ಮೇಲೆ ಕೂಸು. ಅಳಿಯ ಫಕೀರಪ್ಪ ಪಕ್ಕದಲ್ಲಿ ಕೈ ಜೋಡಿಸಿಕೊಂಡಿದ್ದ. ಕೂಸಿಗೆ ಇಡಲು ಹೆಸರನ್ನು ಯೋಚಿಸಿ ಇಟ್ಟುಕೊಂಡಿದ್ದರಂತೆ. ಅದು ಯಾವ ಹೆಸರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮವರು ಚಾವಡಿಯಲ್ಲಿದ್ದ ಒಂದೇ ಬೀಜದ ಮೇಲೆ ಟೊಪ್ಪಿಗೆ ಕವುಚಿದರು.

ಟೊಪ್ಪಿಗೆ ನೀಲಿಯನ್ನು ಕುಡಿಯಿತು. ಪೂರಾ ಕುಡಿಯಿತು. ಹೊರಗೆ ಏನೂ ಬಿಡಲಿಲ್ಲ. ಒಳಗೆ ಎಲ್ಲೋ ತಳದಲ್ಲಿ, ಆರಿದ ಒಲೆಯ ಕೆಂಡದ ಹಾಗೆ, ಮಬ್ಬಾಗಿ ಏನೋ ಒಂದು ಇತ್ತು, ಅಷ್ಟೆ. ಮೊದಲು ಚಾವಡಿಯಲ್ಲಿ ನೀಲಿಯಾದರೂ ಇತ್ತು. ಈಗ ಅದೂ ಹೋಗಿ ಎದುರಿಗೆ ಕೂತವರ ಮುಖವೇ ಕಾಣದಾಯಿತು. ಯಾರೂ ಕಿರುಚಲಿಲ್ಲ. ಎಲ್ಲರೂ ಇನ್ನೇನು ಬರುತ್ತದೆ ಎಂದು ತಮ್ಮವರ ಮುಖವಿದ್ದ ಕಡೆಗೇ ಕಣ್ಣು ನೆಟ್ಟು ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ಒಬ್ಬ ಮುದುಕಿ, 'ಹಚ್ಚಿದ್ರೇನಪಾ?' ಎಂದು ಕೇಳಿದಳು.

ಅಡಿವೆಪ್ಪಜ್ಜ ಎದ್ದು ನಿಂತರು. 'ಶಾವಂತ್ರವ್ವಾ, ಎಷ್ಟ ಹಾಕಿದಿ?'

ನಾನು ಬಾಯಿ ಬಿಡುವ ಮೊದಲೇ ನಮ್ಮವರು, 'ಆಕಿದೇನೂ ತಪ್ಪಿಲ್ಲಜ್ಜಾರ. ಕುಲುಮಿ ಕಾವು ಹೆಚ್ಚಾತು. ನಂದ ತಪ್ಪು. ಉಪ್ಪು ಸುಟ್ಟು ಹೋತು' ಎಂದರು. ಕುಲುಮೆಯ ಕಾವು ತಪ್ಪಿತು ಎಂದು ಹೇಳುವುದಕ್ಕಿಂತ ಕೈ ಕಡಿದುಕೊಳ್ಳುವುದೇ ಲೇಸು ಎನ್ನುವ ಮನುಷ್ಯ ಅವರು. ಯಾರೋ ಅವರ ಮೇಲೆ ಉಗಿದರು. ಒರೆಸಿಕೊಳ್ಳದೆ ನಿಂತರು. ಅವರು ನನ್ನ ಮೇಲಿನ ಮಮತೆಯಿಂದ ಮಾಡಿದ ಕಡೆಯ ಕೆಲಸ ಅದು.

ಹುಸೇನಕ್ಕನನ್ನು ಹೊತ್ತು ತಂದು ಕಂಬಕ್ಕೆ ಒರಗಿಸಿದ್ದರು. ಜನ ಚದುರಿದ ಮೇಲೆ ನನ್ನನ್ನು ಹತ್ತಿರ ಕರೆದು, 'ಭರಣಿ ತೋರ್ಸು' ಎಂದಳು. ತೋರಿಸಿದೆ. ಎಡಗೈ ಒಳಗೆ ಹಾಕಿ ತಳವನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಒಂದು ಕಣವೂ ಇರಲಿಲ್ಲ. 'ಒರಸಿ ಹಾಕೀಯಲ್ಲ' ಎಂದಳು. ಸತ್ತ ಕೈಯನ್ನು ಬದುಕಿದ ಕೈಯಿಂದ ಹಿಡಿದುಕೊಂಡು ಹೋ ಎಂದು ಅತ್ತಳು. ನಮ್ಮೂರಿನಲ್ಲಿ ಹಾಗೆ ದನಿ ತೆಗೆದು ಅತ್ತವರಲ್ಲಿ ಅವಳೇ ಕಡೆಯವಳು.

ನಮ್ಮವರು ಬಿಡಲಿಲ್ಲ. ಆ ಟೊಪ್ಪಿಗೆಯನ್ನು ಒಡೆದು, ಮತ್ತಷ್ಟು ಮರಳು ಕೂಡಿಸಿ, ಉಪ್ಪು ತೆಳುವಾದರೆ ಬೆಳಕು ಬಂದೀತು ಎಂದು ಮತ್ತೆ ಕರಗಿಸಿದರು. ಕರಗಿಸಿದ್ದು ಎಂದಾದರೂ ಹತ್ತಿದೆಯೇ? ಆದರೂ ಮೂರು ಸಲ ಮಾಡಿದರು. ಮೂರು ಸಲವೂ ನೀರಿನಷ್ಟು ತಿಳಿಯಾದ ಗಾಜು ಬಂತು. ನೀಲಿ ಒಳಗೆ ಹೋಯಿತು, ನೀಲಿ ಹೊರಗೆ ಬಂತು. ನಾಲ್ಕನೆಯ ಸಲ ಕುಲುಮೆಗೆ ಬೆಂಕಿ ಹಾಕಲು ಹೋದವರು ಸುಮ್ಮನೆ ಅದರ ಮುಂದೆ ಕೂತರು. ಸಂಜೆಯ ಭೋಂಗಾ ಆದ ಮೇಲೆ ಎದ್ದು ಬಂದರು.

ವರ್ಷ ತುಂಬುವ ಕಡೆಯ ದಿನ ನಿಂಬೆವ್ವ ಬಂದಳು. ಕೂಸನ್ನು ತನ್ನ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಇಬ್ಬರೂ ಅಂಗಳದಲ್ಲಿ ಮಂಡಿಗೆ ಮಂಡಿ ತಾಗಿಸಿ, ಕೈ ಹಿಡಿದುಕೊಂಡು ಕೂತು, ನೀಲಿಯಲ್ಲೇ ಒಬ್ಬರ ಮುಖ ಒಬ್ಬರು ನೋಡಿದೆವು. ಬೆಳಗಿನಿಂದ ಸಂಜೆಯ ತನಕ. ಅವಳ ಹುಬ್ಬಿನ ಮೇಲಿನ ಗಾಯದ ಕಲೆ, ಕಿವಿಯ ಹತ್ತಿರದ ಮಚ್ಚೆ, ಎಲ್ಲವನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಗಟ್ಟಿಯಾಗಿ ನೋಡಿದರೆ ಮಾಸದೇ ಉಳಿದೀತು ಎಂಬ ಹುಚ್ಚು.

'ಯವ್ವಾ, ನಾಳೆ ನಾ ಬಂದ್ರ ಬಾಗಲಾ ತಗೀತಿಯಿಲ್ಲೋ?' ಎಂದಳು.

'ತಗೀಲಾರದ ಏನ, ಹುಚ್ಚಿ!'

'ಹಂಗಲ್ಲ. ಓಡಿ ಬಂದು ತಗೀತಿಯೇನ?'

'ಓಡಿ ಬಂದು ತಗೀತೀನಿ' ಎಂದೆ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಅವಳ ಕೂದಲಿನ ಎಣ್ಣೆಯ ವಾಸನೆ ಇನ್ನೂ ನೆನಪಿದೆ. ಆಗ ನನಗೆ ಏನನ್ನಿಸಿತು ಎಂಬುದು ನೆನಪಿಲ್ಲ. ಏನೋ ಬಹಳ ದೊಡ್ಡದು ಅನ್ನಿಸಿತು ಎಂಬುದಷ್ಟೇ ಗೊತ್ತು.

ಮರುದಿನ ಬೆಳಿಗ್ಗೆ ಬಂದಳು. ಚಿಲಕ ಬಡಿದಳು. ನಾನು ಮೊರದಲ್ಲಿ ಬೇಳೆ ಆರಿಸುತ್ತಿದ್ದೆ. ಇನ್ನೂ ಒಂದು ಹಿಡಿ ಉಳಿದಿತ್ತು. ಅದನ್ನು ಆರಿಸಿ, ಮೊರ ಗೋಡೆಗೆ ಒರಗಿಸಿ, ಎದ್ದು ಹೋಗಿ ಬಾಗಿಲು ತೆಗೆದೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. 'ಬಾ' ಎಂದೆ. 'ಬಂದೆ' ಎಂದಳು. ಇಬ್ಬರಿಗೂ ತಿಳಿಯಿತು.

ಇದು ಆಗಿ ಐದು ವರ್ಷ. ನಮ್ಮೂರು ಈಗ ಬಹಳ ಶಾಂತವಾಗಿದೆ. ಅಣ್ಣತಮ್ಮಂದಿರು ಹೊಡೆದಾಡುವುದಿಲ್ಲ. ಅತ್ತೆ ಸೊಸೆಯರು ಬೈದಾಡುವುದಿಲ್ಲ. ಹೆಣ ಎತ್ತುವಾಗ ನಾಲ್ಕು ಜನ ಬರುತ್ತಾರೆ, ಎತ್ತುತ್ತಾರೆ, ಕೈ ತೊಳೆದುಕೊಂಡು ಹೋಗುತ್ತಾರೆ. ಹುಸೇನಕ್ಕ ಹೋದಾಗ ನಾನೂ ಹೋಗಿದ್ದೆ, ಬೇಗ ಬಂದೆ. ಮನೆಯಲ್ಲಿ ನಮ್ಮವರು ಆ ಗೋಡೆಗೆ, ನಾನು ಈ ಗೋಡೆಗೆ ಮಲಗುತ್ತೇವೆ, ಸಿಟ್ಟೇನಿಲ್ಲ, ಛತ್ರದಲ್ಲಿ ಇಳಿದುಕೊಂಡವರ ಹಾಗೆ. ಒಂದು ದಿನ ಚಾವಡಿಗೆ ಹೋಗಿ ಎಲ್ಲರೆದುರು ನಿಜ ಹೇಳಿಬಿಟ್ಟೆ. ಉಪ್ಪು ಸುಟ್ಟಿರಲಿಲ್ಲ, ನಾನೇ ಒರೆಸಿ ಹಾಕಿದೆ, ನಿಮ್ಮ ಮನೆಗಳನ್ನೆಲ್ಲ ಹಾಳು ಮಾಡಿದವಳು ನಾನು, ಹೊಡೆಯಿರಿ ಎಂದೆ. ಅಡಿವೆಪ್ಪಜ್ಜ ಎಲೆ ಮಡಚುತ್ತಿದ್ದವರು, 'ಹೌದೇನವಾ' ಎಂದು ಎಲೆ ಬಾಯಿಗೆ ಹಾಕಿಕೊಂಡರು. ಯಾರೂ ಏಳಲಿಲ್ಲ. ಯಾರಿಗಾಗಿ ಏಳುತ್ತಾರೆ? ಸಿಟ್ಟು ಬರಬೇಕಾದರೂ ಯಾರಾದರೊಬ್ಬರು ತಮ್ಮವರು ಎಂದು ಇರಬೇಕಲ್ಲ.

ನನಗೆ ಹೇಳಿಕೊಳ್ಳಲು ಬರದೆ ಇರುವುದು ಒಂದೇ. ತಪ್ಪು ಮಾಡಿದ್ದು ನೆನಪಿದೆ, ಯಾರಿಗಾಗಿ ಮಾಡಿದೆ ಎಂಬುದೂ ನೆನಪಿದೆ. ಯಾವ ಮಮತೆ ನನ್ನ ಬೆರಳಿಗೆ ಇಳಿದು ಆ ಉಪ್ಪನ್ನು ಒರೆಸಿ ಹಾಕಿಸಿತೋ ಆ ಮಮತೆ ಮಾತ್ರ ಇಲ್ಲ. ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ಹುಡುಕುವ ಹಾಗೆ ದಿನವೂ ಹುಡುಕುತ್ತೇನೆ. ಬರೀ ಜಾಗ ಸಿಗುತ್ತದೆ. ಪಾಪ ಉಳಿಯಿತು, ಪಾಪ ಮಾಡಿಸಿದ್ದು ಹೋಯಿತು.

ನಿಂಬೆವ್ವ ಈಗಲೂ ಬರುತ್ತಾಳೆ. ನನ್ನ ಕಣ್ಣು ಮಂಜಾಗಿದೆ, ಒಲೆಯ ಮುಂದೆ ಕೂರಲು ಆಗುವುದಿಲ್ಲ. ವಯಸ್ಸಾದವರಿಗೆ ಮಗಳು ಅಡುಗೆ ಮಾಡಿ ಹಾಕಬೇಕು, ಅದು ರೀತಿ, ರೀತಿ ಮಾಸುವುದಿಲ್ಲ. ಜೊತೆಗೆ ಆ ಹುಡುಗಿ ಬರುತ್ತದೆ. ಆರು ವರ್ಷ ನಡೆಯುತ್ತಿದೆ, ಇನ್ನೂ ಹೆಸರಿಲ್ಲ, ಎಲ್ಲರೂ ಕೂಸು ಎಂದೇ ಕರೆಯುತ್ತಾರೆ. ಅಳುವುದಿಲ್ಲ. ಅತ್ತರೆ ಯಾರೂ ಬರುವುದಿಲ್ಲ ಎಂದು ಬಹಳ ಮೊದಲೇ ಕಲಿತುಕೊಂಡಿದೆ. ಇವತ್ತು ಮಧ್ಯಾಹ್ನವೂ ಇಬ್ಬರೂ ಬಂದಿದ್ದರು. ಬಾಗಿಲಿಗೆ ಒರಗಿ ಕೂತ ಕೂಸಿಗೆ ಏನನ್ನಿಸಿತೋ, ಖಾಲಿ ಭರಣಿಯನ್ನು ಎಳೆದುಕೊಂಡು, ಒಳಗೆ ಬೆರಳು ಆಡಿಸಿ, ಏನೂ ಸಿಗದೆ ಸುಮ್ಮನೆ ನನ್ನನ್ನು ನೋಡಿತು. ನಾನೂ ಅದನ್ನು ನೋಡಿದೆ. ಇವತ್ತು ನನ್ನ ಕೈಗೆ ಉಪ್ಪು ಸಿಕ್ಕಿದ್ದರೆ ಚಿಟಿಕೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಇಷ್ಟು ಹಗುರಾದ ಬೆರಳು ಹುಸೇನಕ್ಕನಿಗೂ ಇರಲಿಲ್ಲ.

ನಿಂಬೆವ್ವ ತಟ್ಟೆಗೆ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಇನ್ನೊಂದು ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ನಿಂತಳು.

'ಸಾಕೇನ?' ಎಂದಳು.

'ಸಾಕು' ಎಂದೆ. ಒಂದು ಉಸಿರೂ ತೆಗೆದುಕೊಳ್ಳಲಿಲ್ಲ.